ಪ್ರಯೋಗಾಲಯದ ತಟ್ಟೆಯಲ್ಲಿ ಪಿತ್ತರಸದ ಸಾಗಣೆಯನ್ನು ಅಳೆಯುವುದು ಹೇಗೆ?

ಯಕೃತ್ತಿನ ಕೋಶಗಳನ್ನು ಬಿಡಿಸಿ ತಟ್ಟೆಯಲ್ಲಿ ಹರಡಿದರೆ ಪಿತ್ತ ಹರಿಯಲು ದಾರಿಯೇ ಉಳಿಯುವುದಿಲ್ಲವಲ್ಲ ಎಂಬ ಸಂದೇಹ ಯಾರಿಗಾದರೂ ಬರಬಹುದು, ಅದು ಸರಿಯಾದದ್ದೇ. ಆದರೆ ಅವನ್ನು ಕೊಲಾಜನ್ ಎಂಬ ಪ್ರೋಟೀನಿನ ಎರಡು ಪದರಗಳ ನಡುವೆ ಬೆಳೆಸಿದರೆ, ಕೆಲವೇ ದಿನಗಳಲ್ಲಿ ಅಕ್ಕಪಕ್ಕದ ಕೋಶಗಳು ಬಿಗಿಯಾಗಿ ಬೆಸೆದುಕೊಂಡು, ಅವುಗಳ ನಡುವೆ ಅತಿಸೂಕ್ಷ್ಮ ಪಿತ್ತನಾಲೆಗಳು ಮತ್ತೆ ಮೂಡುತ್ತವೆ. ಹೊಳೆಯುವ ಬಣ್ಣ ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ಹಸಿರು ಗೆರೆಗಳ ಜಾಲವೇ ಕಾಣುತ್ತದೆ. ಅಳೆಯುವ ಉಪಾಯವಂತೂ ಬಹಳ ಜಾಣತನದ್ದು. ವಿಕಿರಣದ ಗುರುತು ಹೊತ್ತ ಟಾರೋಕೋಲೇಟ್ ಎಂಬ ಪಿತ್ತಲವಣವನ್ನು ಹೀಗೆ ಕೋಶ ಬೆಳೆಸಿದ ಎರಡು ತಟ್ಟೆಗಳಿಗೂ ಹಾಕುತ್ತಾರೆ. ಒಂದರಲ್ಲಿ ಮಾತ್ರ ಕ್ಯಾಲ್ಸಿಯಂ ಇಲ್ಲದ ದ್ರಾವಣ ಬಳಸಿದಾಗ ಕೋಶಗಳ ಬೆಸುಗೆ ಬಿಟ್ಟು ನಾಲೆಯಲ್ಲಿದ್ದ ಲವಣ ಹೊರಗೆ ಸೋರಿಹೋಗುವುದರಿಂದ, ಎರಡು ತಟ್ಟೆಗಳಲ್ಲಿ ಉಳಿದ ಪ್ರಮಾಣಗಳ ವ್ಯತ್ಯಾಸವೇ ನಾಲೆಗೆ ಸಾಗಿದ ಪಾಲು. ಲವಣವನ್ನು ನಾಲೆಗೆ ತಳ್ಳುವ ಬಿಎಸ್‌ಇಪಿ ಪ್ರೋಟೀನನ್ನು ಸೈಕ್ಲೋಸ್ಪೋರಿನ್‌ನಂಥ ಔಷಧ ತಡೆದರೆ ಈ ವ್ಯತ್ಯಾಸ ಕುಗ್ಗುತ್ತದೆ.