ಆಪ್ತಸಲಹೆ ಪ್ರಕರಣ: ಪಾರ್ಕಿನವರೆಲ್ಲ ಮಾತ್ರೆ ಬಿಟ್ಟಿದ್ದಾರಂತೆ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಲಾಗಿದೆ.)

ಇವರು 56 ವರ್ಷದ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ. ಪತಿ ತೀರಿಕೊಂಡು ಮೂರು ವರ್ಷವಾಗಿದೆ, ಮಗಳು ಬೆಂಗಳೂರಿನಲ್ಲಿದ್ದಾಳೆ. 12 ವರ್ಷದಿಂದ ಸಕ್ಕರೆ ಕಾಯಿಲೆ ಇದ್ದು, ಮೆಟ್‌ಫಾರ್ಮಿನ್ ಜೊತೆ ಇನ್ನೊಂದು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್, 7.2ರ ಆಸುಪಾಸಿನಲ್ಲಿತ್ತು. ಐದು ತಿಂಗಳ ಹಿಂದೆ ಎರಡೂ ಮಾತ್ರೆ ನಿಲ್ಲಿಸಿಬಿಟ್ಟರು.

ಕಾರಣ ಬೆಳಗಿನ ವಾಕಿಂಗ್ ಬಳಗ. ಆರು ಗಂಟೆಗೆ ನಡಿಗೆ ಮುಗಿಸಿ ಪಾರ್ಕಿನ ಬೆಂಚಿನ ಮೇಲೆ ಕೂತು, ಅಮೃತಬಳ್ಳಿ, ಮೆಂತ್ಯ, ನೇರಳೆ ಬೀಜದ ಕಷಾಯವನ್ನು ಫ್ಲಾಸ್ಕಿನಿಂದ ಬಗ್ಗಿಸಿಕೊಂಡು ಕುಡಿಯುವುದು ಅಲ್ಲಿನ ರೂಢಿ. "ನಾವೆಲ್ಲ ಮಾತ್ರೆ ಬಿಟ್ಟಿದೀವಿ ಟೀಚರ್, ನೀವೊಬ್ರೇ ಯಾಕೆ ಕೆಮಿಕಲ್ ನುಂಗ್ತೀರಾ?" ಎಂಬ ಮಾತು ದಿನವೂ ಬರುತ್ತಿತ್ತು.

ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದು, ಪಾದ ಜೋಮು ಹಿಡಿಯುವುದು, ಕಪ್ಪುಹಲಗೆಯ ಅಕ್ಷರ ಮಂಜಾಗುವುದು ಶುರುವಾದಾಗ ಬಳಗದ ಹತ್ತಿರ ಉತ್ತರ ಸಿದ್ಧವಿತ್ತು: "ವಿಷ ಹೊರಗೆ ಹೋಗ್ತಾ ಇದೆ." ಇಂಥ ವಿವರಣೆ ಬಲು ಅಪಾಯಕಾರಿ. ಆರಾಮವಾದರೆ ಕಷಾಯ ಗೆದ್ದ ಹಾಗೆ, ಹದಗೆಟ್ಟರೂ ಕಷಾಯ ಗೆದ್ದ ಹಾಗೆ. ಸೋಲಲು ದಾರಿಯೇ ಇಲ್ಲದ ಮಾತನ್ನು ಪರೀಕ್ಷಿಸುವುದು ಹೇಗೆ?

ಮಗಳು ಕರೆತಂದಾಗ ತಾಯಿ ಮಗಳ ನಡುವೆ ಮಾತು ನಿಂತು ಹದಿನೈದು ದಿನವಾಗಿತ್ತು. "ವಿಜ್ಞಾನ ಪಾಠ ಹೇಳೋಳು ನೀನು, ಕುರಿ ಥರ ಹಿಂದೆ ಹೋಗ್ತೀಯಲ್ಲಮ್ಮಾ" ಎಂದು ಮಗಳು ರೇಗಿದ್ದಳು. ಮರುದಿನದಿಂದ ತಾಯಿ ಎರಡು ಲೋಟ ಕುಡಿಯತೊಡಗಿದರು.

ಮೊದಲ ದಿನ ಆಪ್ತಸಲಹೆಯ ಮಾತೇ ಇಲ್ಲ. ಅದೇ ದಿನ ವೈದ್ಯರಲ್ಲಿಗೆ ಕಳಿಸಲಾಯಿತು. ಖಾಲಿ ಹೊಟ್ಟೆಯ ಶುಗರ್ 238, ಎಚ್‌ಬಿಎ1ಸಿ 10.1. ಕಿಡ್ನಿಯ ಪರೀಕ್ಷೆ ನೋಡಿ ವೈದ್ಯರು ಮಾತ್ರೆಯ ಪ್ರಮಾಣ ನಿಗದಿ ಮಾಡಿದರು. ತಿಂಗಳುಗಟ್ಟಲೆ ಬಿಟ್ಟ ಮಾತ್ರೆಯನ್ನು ಹಳೆಯ ಚೀಟಿ ನೋಡಿ ತಾವಾಗಿ ಶುರು ಮಾಡಬಾರದು.

ಎರಡನೇ ಭೇಟಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ನಾಳೆ ಬೆಂಚಿನಲ್ಲಿ 'ಕಷಾಯ ಬೇಡ' ಅಂದರೆ ಏನಾಗುತ್ತೆ?" ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಇಡೀ ದಿನದಲ್ಲಿ ನನ್ನನ್ನ ಹೆಸರು ಹಿಡಿದು ಕರೆಯೋರು ಅವರೇ." ಪ್ರಕರಣದ ಗಂಟು ಅಲ್ಲಿತ್ತು. ಬುದ್ಧಿ ಸಾಲದೆ ಜನ ಗುಂಪಿನ ಹಿಂದೆ ಹೋಗುವುದು ಕಡಿಮೆ. ಒಂಟಿಯಾಗುವ ಬೆಲೆ ತೆರಲಾಗದೆ ಹೋಗುವುದೇ ಹೆಚ್ಚು. ಆ ಬೆಲೆಯನ್ನು ಇಳಿಸದೆ "ಸ್ವಂತವಾಗಿ ಯೋಚಿಸಿ" ಎಂದು ಉಪದೇಶ ಮಾಡಿದರೆ ಅದು ಕಿವಿಗೆ ಹೋಗುವುದಿಲ್ಲ.

ಅವರಿಗೆ 1951ರಲ್ಲಿ ಪ್ರಕಟವಾದ, ಮನೋವಿಜ್ಞಾನಿ ಸಾಲಮನ್ ಆಶ್ ಅವರ ಗೆರೆಗಳ ಪ್ರಯೋಗವನ್ನು ವಿವರಿಸಲಾಯಿತು. ಮೂರು ಗೆರೆಗಳಲ್ಲಿ ಯಾವುದು ಮಾದರಿ ಗೆರೆಯಷ್ಟೇ ಉದ್ದ ಎಂದು ಹೇಳಬೇಕು. ಉತ್ತರ ಕಣ್ಣಿಗೆ ಕಟ್ಟುವಂತಿದೆ. ಆದರೆ ಮೊದಲೇ ಹೇಳಿಕೊಟ್ಟು ಕೂರಿಸಿದವರೆಲ್ಲ ಒಕ್ಕೊರಲಿನಿಂದ ತಪ್ಪು ಹೇಳಿದಾಗ, ಪರೀಕ್ಷೆಗೆ ಕೂತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಆ ತಪ್ಪಿಗೆ ದನಿಗೂಡಿಸಿದರು. ಗುಂಪಿನಲ್ಲಿ ಒಬ್ಬರೇ ಒಬ್ಬರು ಸರಿ ಉತ್ತರ ಹೇಳಿದ ಕಡೆ ಹಾಗೆ ಮಣಿಯುವುದು ತೀರಾ ಕಡಿಮೆಯಾಯಿತು. ಇದನ್ನು ಕೇಳಿ ಅವರ ಮುಖ ಸಡಿಲವಾಯಿತು. ಕುರಿ ಎನ್ನಿಸಿಕೊಂಡ ನೋವು ಕರಗದೆ ಮುಂದಿನ ಹೆಜ್ಜೆ ಸಾಧ್ಯವಿರಲಿಲ್ಲ.

ಆಮೇಲೆ ಕೊಟ್ಟ ಕೆಲಸ ಹೀಗಿತ್ತು. ಬೆಂಚಿನಲ್ಲಿ ವಾದ ಮಾಡುವುದು ಬೇಡ. ಗ್ರೂಪಿಗೆ ಲೇಖನ, ವಿಡಿಯೊ ಹಾಕುವುದೂ ಬೇಡ. ಎಲ್ಲರ ಎದುರು ತಪ್ಪು ತೋರಿಸಿದರೆ ಹೇಳಿದವರು ಹಟಕ್ಕೆ ಬೀಳುತ್ತಾರೆ. ನಡೆಯುವಾಗ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಬೇಕು. "ಕಷಾಯದಿಂದ ಗುಣ ಆಯ್ತಾ?" ಎಂದರೆ "ಹೂಂ" ಎಂದೇ ಬರುತ್ತದೆ. ಹಾಗಾಗಿ ತಾರೀಖು, ಅಂಕಿ ಕೇಳಬೇಕು: ಕೊನೆಯ ಟೆಸ್ಟ್ ಯಾವಾಗ, ಎಷ್ಟು ಬಂತು? ಈಗ ಯಾವ ಮಾತ್ರೆ? ಕಷಾಯ ಹಿಡಿದ ಮೇಲೆ ಊಟ ತಿಂಡಿಯಲ್ಲಿ ಬೇರೇನು ಬದಲಾಗಿದೆ? ಇದೆಲ್ಲಕ್ಕೂ ಮೊದಲು, ಏನು ಕಂಡುಬಂದರೆ ತಮ್ಮ ಅಭಿಪ್ರಾಯ ಬದಲಿಸುತ್ತೇವೆ ಎಂದು ಒಂದು ಸಾಲು ಬರೆದಿಡಬೇಕು. ಕೇಳಿದ ಮೇಲೆ ಬರೆದರೆ ಮನಸ್ಸು ತನಗೆ ಬೇಕಾದ ಹಾಗೆ ತಿರುಚಿಕೊಳ್ಳುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸಕೂಡದೆಂಬ ಕರಾರೂ ಇತ್ತು.

ಮೂರು ವಾರ ಬಿಟ್ಟು ಅವರು ತಂದದ್ದು ಅಂಕಪಟ್ಟಿಯ ಹಾಗೆ ಗೀಟು ಹಾಕಿದ ಉದ್ದನೆಯ ನೋಟ್‌ಬುಕ್. ಹೆಸರಿನ ಬದಲು ಕ್ರಮಸಂಖ್ಯೆ, ಒಟ್ಟು 11. ಟೆಸ್ಟ್ ಮಾಡಿಸದವರ ಸಂಖ್ಯೆಯ ಎದುರು ಕೆಂಪು ಶಾಯಿಯಲ್ಲಿ "ಗೈ", ಗೈರುಹಾಜರು. ನಾಲ್ವರಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ, ಖಾಲಿ ಹೊಟ್ಟೆಯ ಶುಗರ್ 100ರಿಂದ 125ರೊಳಗಿನ "ಬಾರ್ಡರ್". ಆ ಹಂತದಲ್ಲಿ ನಡಿಗೆಯಿಂದ, ತೂಕ ಇಳಿಸುವುದರಿಂದ ಎಷ್ಟೋ ಜನರಿಗೆ ಸರಿಹೋಗುತ್ತದೆ. ಮೂವರು ಮನೆಯಲ್ಲಿ ಮಾತ್ರೆ ನುಂಗಿಯೇ ಬರುತ್ತಿದ್ದರು, ಬೆಂಚಿನಲ್ಲಿ ಬಾಯಿಬಿಟ್ಟಿರಲಿಲ್ಲ. ಇಬ್ಬರು ಮಾತ್ರೆ ಬಿಟ್ಟ ಮೇಲೆ ಟೆಸ್ಟೇ ಮಾಡಿಸಿರಲಿಲ್ಲ. ಒಬ್ಬರು ಮಾತು ಹಾರಿಸಿದರು. ಮಾತ್ರೆ ಬಿಟ್ಟು, ಟೆಸ್ಟ್ ಮಾಡಿಸಿ, ಶುಗರ್ ಹತೋಟಿಯಲ್ಲಿದ್ದವರು ಒಬ್ಬರೇ. ಅವರು ರಾತ್ರಿ ಅನ್ನ ಬಿಟ್ಟು 8 ಕೆ.ಜಿ. ಇಳಿದಿದ್ದರು, ಕಾಯಿಲೆ ಬಂದು ಒಂದೇ ವರ್ಷವಾಗಿತ್ತು.

"ಬೆಂಚಿಗೆ ಬರೋದು ನಿಲ್ಲಿಸಿದವರು ಯಾರಾದ್ರೂ ಇದಾರಾ?" ಎಂದು ಕೇಳಿದ್ದಕ್ಕೆ ಇಬ್ಬರು ನೆನಪಾದರು. ಫೋನ್ ಮಾಡಿದಾಗ ಒಬ್ಬರಿಗೆ ಶುಗರ್ ಏರಿ ಆಸ್ಪತ್ರೆ ಸೇರಿದ್ದು ತಿಳಿಯಿತು. ಸೋತವರು ಎದ್ದುಹೋಗುತ್ತಾರೆ, ಗೆದ್ದವರು ಕೂತು ಮಾತಾಡುತ್ತಾರೆ. ಬೆಂಚಿನಲ್ಲಿ ಗುಣವಾದ ಕಥೆಗಳೇ ಕೇಳಿಸುವುದು ಅದಕ್ಕೆ.

ನಾಲ್ಕನೇ ಭೇಟಿಯಲ್ಲಿ ಅವರು ಎತ್ತಿದ ಪ್ರಶ್ನೆ ನ್ಯಾಯವಾದದ್ದು: "ಹಾಗಾದ್ರೆ ಡಾಕ್ಟರ್ ಮಾತನ್ನ ಮಾತ್ರ ಯಾಕೆ ನಂಬಬೇಕು?" ಕೊಟ್ಟ ಸಲಹೆ: ಅದನ್ನೂ ಸುಮ್ಮನೆ ನಂಬಬೇಡಿ, ಕೇಳಿ. ಈ ಮಾತ್ರೆ ಏನು ಮಾಡುತ್ತದೆ, ಎಷ್ಟು ದಿನದಲ್ಲಿ ಯಾವ ಅಂಕಿ ಎಷ್ಟಕ್ಕೆ ಇಳಿಯಬೇಕು, ಇಳಿಯದಿದ್ದರೆ ಮುಂದೇನು? "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆ ವೈದ್ಯರಿಗೂ ಅನ್ವಯಿಸುತ್ತದೆ, ಆಪ್ತಸಲಹೆಗಾರರಿಗೂ. ಗುಂಪನ್ನು ಬಿಟ್ಟವರು ಎಷ್ಟೋ ಸಲ "ಎಲ್ಲವೂ ಸುಳ್ಳು" ಎನ್ನುವ ಮತ್ತೊಂದು ಗುಂಪಿಗೆ ಸೇರಿಕೊಳ್ಳುತ್ತಾರೆ. ಅಲ್ಲಿಯೂ ಯಾರೂ ಅಳೆದು ನೋಡಿರುವುದಿಲ್ಲ.

ಬೆಂಚಿನಲ್ಲಿ ಹೇಳಬೇಕಾದ ಮಾತನ್ನು ಕನ್ನಡಿಯ ಮುಂದಲ್ಲ, ಮಗಳ ಮುಂದೆ ಅಭ್ಯಾಸ ಮಾಡಿಸಲಾಯಿತು. ತಾಯಿ ಮಗಳ ಮಾತು ಮತ್ತೆ ಶುರುವಾದದ್ದು ಹಾಗೆ. ಇನ್ನೊಬ್ಬರನ್ನು ತಪ್ಪೆನ್ನದ ಎರಡೇ ವಾಕ್ಯ: "ನನ್ನ ಶುಗರ್ 10.1 ಬಂತು, ಮಾತ್ರೆ ಮತ್ತೆ ಹಿಡಿದಿದೀನಿ. ವಾಕಿಂಗ್ ಮಾತ್ರ ನಿಮ್ಮ ಜೊತೆಗೇ."

ಹೇಳಿದ ದಿನ ಕಷಾಯ ತರುತ್ತಿದ್ದ ಹಿರಿಯರು ಮುಖ ತಿರುಗಿಸಿದರು. ಒಂದು ವಾರ ಮಾತಾಡಲಿಲ್ಲ. ಆದರೆ ಕ್ರಮಸಂಖ್ಯೆ 6, ಮನೆಯಲ್ಲಿ ಕದ್ದು ನುಂಗುತ್ತಿದ್ದವರು, ಲೋಟ ಕೆಳಗಿಟ್ಟು ಹೇಳಿದರು: "ನಾನೂ ಬಿಟ್ಟಿಲ್ಲ ಟೀಚರ್." ಟೆಸ್ಟ್ ಮಾಡಿಸದ ಇಬ್ಬರಲ್ಲಿ ಒಬ್ಬರು ಆ ವಾರವೇ ಲ್ಯಾಬಿಗೆ ಹೋಗಿಬಂದರು.

ಮೂರು ತಿಂಗಳ ನಂತರ ಶಿಕ್ಷಕಿಯ ಎಚ್‌ಬಿಎ1ಸಿ 7.9. ಪಾದದ ಜೋಮು ಪೂರ್ತಿ ಹೋಗಿಲ್ಲ. ನೋಟ್‌ಬುಕ್ಕಿನಲ್ಲಿ ಅವರದೇ ಒಂದು ಸಾಲು ಸೇರಿದೆ, ಕ್ರಮಸಂಖ್ಯೆ 12, ಮುಂದಿನ ಟೆಸ್ಟಿನ ತಾರೀಖಿನ ಸಮೇತ.