ಮೋಟರ್‌ಹೋಮ್‌ನ ಹಳೇ ಎಸಿ ತೆಗೆದು ಬೇರೆ ಕಂಪನಿಯದ್ದು ಹಾಕಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಚಾವಣಿ ಮೇಲಿನ ಎಸಿಗೆ ಹದಿನೆಂಟು ವರ್ಷ ಆಗಿದೆ, ಮಧ್ಯಾಹ್ನ ತಂಪೇ ಆಗುವುದಿಲ್ಲ, ಆಗಾಗ ಬ್ರೇಕರ್ ಬೀಳುತ್ತದೆ. ಬೇರೆ ಕಂಪನಿಯದ್ದು ಅದೇ ತೂತಿಗೆ ಕೂರುತ್ತದಾ, ನಾವೇ ಹಾಕಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಮೋಟರ್‌ಹೋಮ್‌ಗಳ, ಅಂದರೆ ಒಳಗೇ ವಾಸ ಮಾಡಬಹುದಾದ ಮನೆಯಂಥ ಗಾಡಿಗಳ, ಎಸಿ, ವೈರಿಂಗ್ ಕೆಲಸ ಮಾಡುವವನು ನಾನು. ಮೇಲಿನ ಪೆಟ್ಟಿಗೆ ಸಾಮಾನ್ಯವಾಗಿ ಕೂರುತ್ತದೆ. ಜನ ಸಿಕ್ಕಿಹಾಕಿಕೊಳ್ಳುವುದು ಚಾವಣಿಯ ಒಳಗಿನ ವೈರು ಮತ್ತು ಗಾಳಿ ಹೋಗುವ ದಾರಿಯಲ್ಲಿ.

ಹೊಸದು ಕೊಳ್ಳುವ ಮೊದಲು ಹಳೆಯದು ನಿಜವಾಗಿ ಹೋಗಿದೆಯಾ ನೋಡಿ. ಫಿಲ್ಟರ್ ತೊಳೆದು, ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಕಂಡೆನ್ಸರ್ ಕಾಯಿಲ್‌ಗೆ (ಬಿಸಿಯನ್ನು ಹೊರಗೆ ಬಿಡುವ ಕೊಳವೆ ಜಾಲ) ಹಿಡಿದ ಧೂಳು ತೆಗೆಯಿರಿ. ಆಮೇಲೆ ಎಸಿಯನ್ನು ಇಪ್ಪತ್ತು ನಿಮಿಷ ಓಡಿಸಿ. ಒಳಗಿನ ಗಾಳಿ ಎಳೆದುಕೊಳ್ಳುವ ಜಾಲರಿಯ ಹತ್ತಿರ ಒಂದು ಸಲ, ತಣ್ಣನೆ ಗಾಳಿ ಬರುವ ಹತ್ತಿರದ ಕಿಂಡಿಯಲ್ಲಿ ಒಂದು ಸಲ ಥರ್ಮಾಮೀಟರ್ ಹಿಡಿಯಿರಿ. ಸುಮಾರು 9ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಬಂದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಆಗ ತೊಂದರೆ ಇರುವುದು ತೆಳು ಗೋಡೆ, ದೊಡ್ಡ ಗಾಜು, ನೇರ ಬಿಸಿಲು, ಇಲ್ಲವೇ ಸೋರುವ ಡಕ್ಟ್‌ನಲ್ಲಿ, ಅಂದರೆ ಚಾವಣಿಯೊಳಗೆ ಗಾಳಿ ಸಾಗಿಸುವ ಕೊಳವೆಯಲ್ಲಿ.

ಬ್ರೇಕರ್ ಬೀಳುವುದಕ್ಕೂ ಎಸಿ ಸಾಯುತ್ತಿರುವುದೇ ಕಾರಣ ಆಗಬೇಕಿಲ್ಲ. ಕೆಪಾಸಿಟರ್ (ಮೋಟರ್ ಸ್ಟಾರ್ಟ್ ಆಗಲು ನೆರವಾಗುವ ಭಾಗ) ಉಬ್ಬಿದ್ದರೆ ಕಂಪ್ರೆಸರ್ (ತಂಪು ಮಾಡುವ ಗ್ಯಾಸನ್ನು ಒತ್ತುವ ಯಂತ್ರ) ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ಕರೆಂಟ್ ಮಾತ್ರ ಜಾಸ್ತಿ ಎಳೆಯುತ್ತದೆ. ಅದು ಚಿಕ್ಕ ಭಾಗ, ಬದಲಾಯಿಸಿದರೆ ಮುಗೀತು. ವೋಲ್ಟೇಜ್ ಕೂಡ ನೋಡಿ. ಬಿಸಿಲಿನ ಹೊತ್ತಲ್ಲಿ ಕ್ಯಾಂಪ್‌ನಲ್ಲಿ ಎಲ್ಲರೂ ಎಸಿ ಹಾಕಿದಾಗ ವೋಲ್ಟೇಜ್ ಕುಸಿಯುತ್ತದೆ. 120 ವೋಲ್ಟ್‌ನ ಗಾಡಿಯಲ್ಲಿ ಅದು 108ಕ್ಕಿಂತ ಕೆಳಗೆ ಹೋದರೆ ಎಸಿ ಆಫ್ ಮಾಡಿಬಿಡಿ. ಹೊಸ ಕಂಪ್ರೆಸರ್ ಕೂಡ ಅದರಲ್ಲಿ ಬೇಗ ಹಾಳಾಗುತ್ತದೆ.

ಕಂಪ್ರೆಸರ್ರೇ ಹೋಗಿದ್ದರೆ ಅಥವಾ ಗ್ಯಾಸ್ ಸೋರಿದ್ದರೆ ರಿಪೇರಿಗೆ ದುಡ್ಡು ಹಾಕಬೇಡಿ. ಈ ಯೂನಿಟ್‌ಗಳು ಕಾರ್ಖಾನೆಯಲ್ಲೇ ಸೀಲ್ ಆಗಿ ಬರುತ್ತವೆ. ಹೆಚ್ಚಿನವಕ್ಕೆ ಗ್ಯಾಸ್ ತುಂಬುವ ವಾಲ್ವೇ ಇರುವುದಿಲ್ಲ. ಅಷ್ಟು ಹಳೇ ಯಂತ್ರದ ಕೊಳವೆ ಕೊಯ್ದು, ಬೆಸೆದು, ಗ್ಯಾಸ್ ತುಂಬಿಸುವುದು ಲಾಭದ ಮಾತಲ್ಲ.

ಇನ್ನು ಬದಲಾಯಿಸುವ ವಿಷಯ. ಅಮೆರಿಕ, ಕೆನಡಾದ ಗಾಡಿಗಳಲ್ಲಿ ಚಾವಣಿಯ ತೂತು ಸಾಮಾನ್ಯವಾಗಿ 14 ಇಂಚು ಚೌಕ. ಯುರೋಪಿನ ಗಾಡಿಗಳಲ್ಲಿ 40 ಸೆಂಟಿಮೀಟರ್ ಚೌಕ ಜಾಸ್ತಿ. ಅಳತೆ ಸರಿಯಿದ್ದರೆ ಬೇರೆ ಕಂಪನಿಯ ಪೆಟ್ಟಿಗೆಯೂ ಕೂರುತ್ತದೆ. ಆದರೆ ಕೊಳ್ಳುವ ಮೊದಲು ಥರ್ಮೋಸ್ಟ್ಯಾಟ್ (ಎಷ್ಟು ತಂಪು ಬೇಕು ಅಂತ ಇಡುವ ಗೋಡೆಯ ಸ್ವಿಚ್) ಬಿಚ್ಚಿ ಅದರ ಹಿಂದೆ ನೋಡಿ. ಹಳೇ ಗಾಡಿಗಳಲ್ಲಿ 12 ವೋಲ್ಟ್‌ನ ಬಣ್ಣಬಣ್ಣದ ವೈರುಗಳಿರುತ್ತವೆ. ಫ್ಯಾನ್ ಜೋರಿಗೆ ಒಂದು, ನಿಧಾನಕ್ಕೆ ಒಂದು, ಕಂಪ್ರೆಸರ್‌ಗೆ ಒಂದು. ಇನ್ನು ಕೆಲವದರಲ್ಲಿ ಟೆಲಿಫೋನ್ ವೈರಿನಂಥ ಒಂದೇ ಕೇಬಲ್ ಇರುತ್ತದೆ. ಅದು ಎಸಿ ಒಳಗಿನ ಕಂಟ್ರೋಲ್ ಬೋರ್ಡ್‌ಗೆ ಸಂದೇಶ ಕಳಿಸುತ್ತದೆ. ಡೊಮೆಟಿಕ್, ಕೋಲ್ಮನ್-ಮಾಕ್ ಎರಡೂ ಇಂಥ ಎಸಿಗಳ ಬ್ರ್ಯಾಂಡ್‌ಗಳು; ಡೊಮೆಟಿಕ್‌ನ ಆ ಬೋರ್ಡ್‌ನ ಭಾಷೆ ಕೋಲ್ಮನ್-ಮಾಕ್‌ಗೆ ಅರ್ಥವಾಗುವುದಿಲ್ಲ. ಆಗ ಥರ್ಮೋಸ್ಟ್ಯಾಟ್, ಕಂಟ್ರೋಲ್ ಕಿಟ್ ಎರಡೂ ಹೊಸದು ಬೇಕು. ಅದೇ ಥರ್ಮೋಸ್ಟ್ಯಾಟ್‌ಗೆ ಚಳಿಗಾಲದ ಫರ್ನೇಸ್ ಕೂಡ ಸೇರಿರುತ್ತದೆ ಅನ್ನುವುದನ್ನು ತುಂಬಾ ಜನ ಮರೆಯುತ್ತಾರೆ. ಬೇಸಿಗೆಯಲ್ಲಿ ಎಸಿ ಬದಲಾಯಿಸಿ ಖುಷಿಯಾಗಿರುತ್ತಾರೆ, ಮೊದಲ ಚಳಿಗೆ ಹೀಟರ್ ಹತ್ತುವುದಿಲ್ಲ. ಗಾಡಿಯಲ್ಲಿ ಎರಡು ಎಸಿ ಇದ್ದು ಒಂದೇ ಥರ್ಮೋಸ್ಟ್ಯಾಟ್ ಇದ್ದರೆ ಇನ್ನೂ ಎಚ್ಚರ ಬೇಕು. ಒಂದನ್ನು ಬದಲಾಯಿಸಲು ಹೋಗಿ ಇನ್ನೊಂದೂ ನಿಲ್ಲಬಹುದು. ಅದಕ್ಕೇ ನಿಮ್ಮ ಥರ ಹಳೇ ಗಾಡಿ ಇರುವವರಿಗೆ, ಸಿಕ್ಕರೆ ಅದೇ ಕಂಪನಿಯದ್ದನ್ನೇ ಹಾಕಿ ಅನ್ನುತ್ತೇನೆ.

13,500 ಬಿಟಿಯು (ಎಸಿ ಎಷ್ಟು ತಂಪು ಮಾಡಬಲ್ಲದು ಅನ್ನುವ ಅಳತೆ) ತೆಗೆದು 15,000 ಹಾಕಲಾ ಅಂತ ಎಲ್ಲರೂ ಕೇಳುತ್ತಾರೆ. ಡಕ್ಟ್ ಇಲ್ಲದ ಗಾಡಿಯಾದರೆ ಹಾಕಬಹುದು. ಡಕ್ಟ್ ಇದ್ದು ಅದು ಕಿರಿದಾಗಿದ್ದರೆ ಸಾಕಷ್ಟು ಗಾಳಿ ಹರಿಯದೆ ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ನಿಮ್ಮದು 120 ವೋಲ್ಟ್‌ನ 30 ಆಂಪ್ ಕನೆಕ್ಷನ್ ಆದರೆ ಇಡೀ ಗಾಡಿಗೆ ಸಿಗುವುದು 3,600 ವಾಟ್. ಎಸಿಯೊಂದೇ ಹದಿಮೂರು ಹದಿನಾಲ್ಕು ಆಂಪ್ ಎಳೆದರೆ ಮೈಕ್ರೋವೇವ್, ವಾಟರ್ ಹೀಟರ್‌ಗೆ ಎಷ್ಟು ಉಳಿಯುತ್ತದೆ ಲೆಕ್ಕ ಹಾಕಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಜಾಗ. ಒಳಗಿನ ಸೀಲಿಂಗ್ ಕವರ್ ಇಳಿಸಿ, ಟಾರ್ಚ್ ಹಿಡಿದು ಚಾವಣಿಯ ಆ ಚೌಕ ತೂತಿನೊಳಗೆ ನೋಡಿ. ಬಿಸಿ ಗಾಳಿ ಮೇಲೆ ಹೋಗುವ ಭಾಗಕ್ಕೂ ತಣ್ಣನೆ ಗಾಳಿ ಕೆಳಗೆ ಬರುವ ಭಾಗಕ್ಕೂ ನಡುವೆ ಒಂದು ಅಡ್ಡಗೋಡೆ ಇರುತ್ತದೆ. ಹಳೇ ಗಾಡಿಗಳಲ್ಲಿ ಅದರ ಅಂಚಿನ ಫಾಯಿಲ್ ಟೇಪ್ ಅಂಟು ಒಣಗಿ ಜೋತಾಡುತ್ತಿರುತ್ತದೆ. ಸಂದಿ ಇರುವ ಕಡೆ ಇನ್ಸುಲೇಷನ್ ಮೇಲೆ ಕಪ್ಪಗೆ ಧೂಳಿನ ಗೆರೆ ಮೂಡಿರುತ್ತದೆ. ಗಾಳಿ ಅಲ್ಲೇ ನುಗ್ಗುತ್ತಿದೆ ಅನ್ನುವುದಕ್ಕೆ ಆ ಗೆರೆಯೇ ಗುರುತು. ತಣ್ಣಗಾದ ಗಾಳಿ ನಿಮ್ಮ ತನಕ ಬರುವುದೇ ಇಲ್ಲ, ಅಲ್ಲೇ ತಿರುಗಿ ಮತ್ತೆ ಎಸಿಯೊಳಗೆ ಹೋಗುತ್ತದೆ. ಡಕ್ಟ್ ಬಾಯಿ ಈ ಚೌಕಕ್ಕೆ ಸೇರುವ ಕಡೆಯೂ ಹೀಗೆ ಬಿರುಕು ಬಿಟ್ಟಿರುತ್ತದೆ, ತಂಪು ಗಾಳಿ ಚಾವಣಿಯ ಪೊಳ್ಳಿಗೆ ಸೇರುತ್ತದೆ. ಒಳ್ಳೆಯ ಅಲ್ಯುಮಿನಿಯಂ ಫಾಯಿಲ್ ಟೇಪ್ ತಂದು, ಜಾಗವನ್ನು ಚೆನ್ನಾಗಿ ಒರೆಸಿ, ಎಲ್ಲ ಸಂದಿಗೂ ಒತ್ತಿ ಹಚ್ಚಿ. ಬಟ್ಟೆಯ ಡಕ್ಟ್ ಟೇಪ್ ಬೇಡ, ಬೇಗ ಬಿಟ್ಟುಕೊಳ್ಳುತ್ತದೆ. ಹೊಸ ಎಸಿ ಬೇಕಾಗಿಯೇ ಇರಲಿಲ್ಲ ಅಂತ ಇಷ್ಟರಲ್ಲೇ ಗೊತ್ತಾದ ಗಾಡಿಗಳನ್ನು ನಾನು ನೋಡಿದ್ದೇನೆ. ಹೊಸದು ಹಾಕಿದರೂ ಈ ಕೆಲಸ ಬಿಡಬೇಡಿ.

ನೀವೇ ಹಾಕುವುದಾದರೆ ಹೊರಗಿನ ಕರೆಂಟ್, ಜನರೇಟರ್, ಇನ್ವರ್ಟರ್ ಮೂರೂ ಕಡಿಯಿರಿ. ಜನರೇಟರ್ ತಾನಾಗಿ ಸ್ಟಾರ್ಟ್ ಆಗುವ ವ್ಯವಸ್ಥೆ ಇದ್ದರೆ ಅದನ್ನೂ ಆಫ್ ಮಾಡಿ. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಸುಮ್ನೆ ಕೈ ಹಾಕಬೇಡಿ. ವೈರ್ ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. ಯೂನಿಟ್ ಸುಮಾರು 35ರಿಂದ 45 ಕಿಲೋ ತೂಗುತ್ತದೆ. ಏಣಿ ಮೇಲೆ ಒಬ್ಬರೇ ಹೊತ್ತು ಹೋಗುವ ಸಾಹಸ ಬೇಡವೇ ಬೇಡ.

ಹಳೆಯದು ಇಳಿಸಿದ ಮೇಲೆ ತೂತಿನ ಸುತ್ತ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಒಳಗಿನ ಮರ ಕೊಳೆತಿದೆ, ಮೊದಲು ಅದನ್ನು ಸರಿಮಾಡಿಸಿ. ಹೊಸ ಯೂನಿಟ್ ಎಳೆದಾಡಬೇಡಿ, ಎತ್ತಿ ಇಡಿ. ಎಳೆದರೆ ಕೆಳಗಿನ ಗ್ಯಾಸ್ಕೆಟ್ (ನೀರು ಒಳಗೆ ಬರದಂತೆ ತಡೆಯುವ ಮೆತ್ತನೆಯ ಪಟ್ಟಿ) ಹರಿಯುತ್ತದೆ. ನಾಲ್ಕೂ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಗ್ಯಾಸ್ಕೆಟ್ ಹೆಚ್ಚುಕಡಿಮೆ ಅರ್ಧ ಇಂಚಿಗೆ ಒತ್ತಿಕೊಂಡರೆ ಸಾಕು, ಸರಿಯಾದ ಅಳತೆ ಜೊತೆಗೆ ಬಂದ ಪುಸ್ತಕದಲ್ಲಿರುತ್ತದೆ. ನೀರು ಸೋರೀತು ಅಂತ ಸುತ್ತ ಸೀಲೆಂಟ್ ಬಳಿಯಬೇಡಿ. ಸಾಮಾನ್ಯವಾಗಿ ಎಸಿ ನೀರು ಬುಡದ ತಟ್ಟೆಯಿಂದ ಚಾವಣಿಗೆ ಹರಿದು ಹೋಗಬೇಕು. ದಾರಿ ಮುಚ್ಚಿದರೆ ಅದೇ ನೀರು ಒಳಗೆ ಬರುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ನೋಡಿ. ಮುಖ್ಯ ಕರೆಂಟ್ ವೈರ್ ಸೇರಿಸುವ ಅಭ್ಯಾಸ ಇಲ್ಲದಿದ್ದರೆ ಅಷ್ಟನ್ನು ಮಾತ್ರ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಈಗಿನ ಎಸಿಯ ಮಾಡೆಲ್ ನಂಬರ್ ಸಾಮಾನ್ಯವಾಗಿ ಫಿಲ್ಟರ್ ತೆಗೆದು ಮೇಲೆ ನೋಡಿದರೆ ಸಿಗುತ್ತದೆ. ಅದನ್ನೂ, ಥರ್ಮೋಸ್ಟ್ಯಾಟ್ ಹಿಂದಿನ ವೈರುಗಳ ಫೋಟೋವನ್ನೂ ಇಲ್ಲಿ ಹಾಕಿ. ಯಾವ ಕಿಟ್ ಬೇಕಾಗುತ್ತದೆ ಅಂತ ನೋಡಿ ಹೇಳುತ್ತೇನೆ.