ಒಂದಕ್ಷರ ಇಟ್ಟರೆ ಹೆಸರಿಟ್ಟಂತಾಯಿತೇ?

ತಿಪಟೂರಿನ ಓದುಗರೊಬ್ಬರು ನೊಂದು ಬರೆದಿದ್ದಾರೆ. ಅಮೆರಿಕದಲ್ಲಿರುವ ಮಗ ಯಹೂದಿ ಹುಡುಗಿಯನ್ನು ಮದುವೆಯಾಗಿದ್ದಾನೆ. ಗಂಡು ಮಗು ಹುಟ್ಟಿದೆ. ‘ನನ್ನ ಹೆಸರಿಡಿ’ ಎಂದು ಇವರು ಫೋನಿನಲ್ಲಿ ಹೇಳಿದ್ದೇ ತಡ, ಬೀಗಿತ್ತಿ ಗಾಬರಿಯಾದರಂತೆ: ‘ನೀವಿನ್ನೂ ಬದುಕಿದ್ದೀರಲ್ಲ!’ ಬೀಗಿತ್ತಿಗೆ ತೀರಿಹೋದ ತಮ್ಮ ತಂದೆ ಮೊಶೆಯ ಹೆಸರು ಬೇಕಿತ್ತು. ಮಕ್ಕಳು ‘ಮ’ವನ್ನಷ್ಟೇ ಉಳಿಸಿಕೊಂಡು ಮೈಲ್ಸ್ ಎಂದಿಟ್ಟರು. ‘ಇದು ನನಗೆ ಅವಮಾನ ಅಲ್ವಾ?’ ಎಂದು ಕೇಳಿದ್ದಾರೆ.

ಸ್ವಾಮಿ, ಅವಮಾನ ಅಲ್ಲ. ನಿಮ್ಮ ಆಯುಸ್ಸು ಗಟ್ಟಿಯಾಗಿರಲಿ ಎಂಬ ಕಾಳಜಿ ಅದು. ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿ ಯಹೂದಿಗಳು ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಸಾವಿನ ದೂತ ಅಜ್ಜನನ್ನು ಹುಡುಕಿಕೊಂಡು ಬಂದು ಮೊಮ್ಮಗನನ್ನು ಒಯ್ದರೆ? ಕಾಯಿಲೆ ಬಿದ್ದ ಮಗುವಿಗೆ ಹಾಯಿಮ್, ಅಂದರೆ ಜೀವ, ಎಂದು ಹೆಸರು ಸೇರಿಸುತ್ತಿದ್ದರು. ‘ಮುದುಕ’ ಎಂಬ ಅರ್ಥದ ಆಲ್ಟರ್ ಎಂದೂ ಕೂಗುತ್ತಿದ್ದರು. ನಮ್ಮಲ್ಲಿ ಮಕ್ಕಳು ಉಳಿಯದ ಮನೆಯಲ್ಲಿ ತಿಪ್ಪ, ಗುಂಡ ಎಂದು ಇಡುತ್ತಿರಲಿಲ್ಲವೇ? ಯಮನ ಕಣ್ಣಿಗೆ ಮಣ್ಣೆರಚುವ ಆಟ ಎಲ್ಲ ಕಡೆಯೂ ಇದೆ.

ನಿಮ್ಮ ಮಗ ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ದಿ ಯಹೂದಿಗಳ ಮನೆಯ ಅಳಿಯನಾಗಿದ್ದರೆ ನೀವು ಗೆದ್ದಿರುತ್ತಿದ್ದಿರಿ. ಅವರಲ್ಲಿ ಮೊದಲ ಗಂಡು ಮಗುವಿಗೆ ತಂದೆಯ ತಂದೆಯ ಹೆಸರು. ಅಜ್ಜ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರೂ ಸರಿ, ಅದೇ ಗೌರವ. ಹಳೆಯ ಕಾಲದ ಯಹೂದಿ ಗುರು ಹಿಲ್ಲೆಲನ ವಂಶದಲ್ಲಂತೂ ಗಮಲಿಯೇಲ್, ಶಿಮೊನ್ ಎಂಬ ಹೆಸರುಗಳು ಅಜ್ಜನಿಂದ ಮೊಮ್ಮಗನಿಗೆ ತಿರುತಿರುಗಿ ಬಂದಿವೆ. ಇತ್ತ ಅಶ್ಕೆನಾಜಿಗಳಲ್ಲಿ, 1217ರಲ್ಲಿ ತೀರಿಕೊಂಡ ಜರ್ಮನಿಯ ಯೆಹೂದಾ ಹೆ-ಹಸಿದ್ ಎಂಬ ಗುರುವಿನ ಉಯಿಲು ಇನ್ನೂ ಒಂದು ಹೆಜ್ಜೆ ಮುಂದೆ: ಅತ್ತೆಯ ಹೆಸರೇ ಇರುವ ಹುಡುಗಿಯನ್ನು ಸೊಸೆಯಾಗಿ ತರಬೇಡಿ! ಇದನ್ನು ಈಗಲೂ ಪಾಲಿಸುವವರಿದ್ದಾರೆ.

ನನ್ನ ಮರುಕವೆಲ್ಲ ನಿಮ್ಮ ಬೀಗಿತ್ತಿಯ ಮೇಲೆ. ಮಗುವನ್ನು ಸಾಕುವವರು ತಂದೆತಾಯಿ, ಅವರ ಇಷ್ಟವೂ ನಡೆಯಲಿ, ಒಪ್ಪಿದೆ. ಎಂಟನೇ ದಿನದ ಸುನ್ನತಿಯಲ್ಲಿ ‘ಮೊಶೆ’ ಎಂದೇ ಹೀಬ್ರೂ ಹೆಸರಿಟ್ಟರು ಎಂದೂ ನೀವೇ ಬರೆದಿದ್ದೀರಿ. ಆದರೆ ಆ ಹೆಸರು ಕೇಳುವುದು ಯಾವಾಗ? ಅವರ ಪ್ರಾರ್ಥನಾಮಂದಿರ ಸಿನಗಾಗಿನಲ್ಲಿ ಧರ್ಮಗ್ರಂಥ ತೋರಾ ಓದಲು ಕರೆದಾಗ, ಮದುವೆಯ ಪತ್ರದಲ್ಲಿ, ಕೊನೆಗೆ ಗೋರಿಯ ಕಲ್ಲಿನ ಮೇಲೆ. ಆ ಹೆಂಗಸಿಗೆ ಬೇಕಾಗಿದ್ದು ಅಪ್ಪನ ಹೆಸರನ್ನು ಅಡುಗೆಮನೆಯಿಂದ ಗಟ್ಟಿಯಾಗಿ ಕೂಗುವುದು. ‘ಮ’ ಅಂದರೆ ಮೊಶೆಯೂ ಹೌದು, ಮಂಗವೂ ಹೌದು.

ನನಗೆ ನನ್ನ ತಾತನ ಹೆಸರು, ಪೂರ್ತಿ ವೆಂಕಟರಮಣಯ್ಯ. ಮಾವನ ಹೆಸರು ಹಿಡಿದು ಬೈಯಲಾಗದೆ ಅಮ್ಮ ನನ್ನನ್ನು ‘ಪುಟ್ಟ’ ಎಂದು ಬೈದರು. ಶಾಲೆಯಲ್ಲಿ ಎಲ್ಲರೂ ನಕ್ಕರು. ಆದರೂ ತಾತನನ್ನು ಕಂಡವರು ದಾರಿಯಲ್ಲಿ ನಿಲ್ಲಿಸಿ ನನಗೆ ಕಡಲೆಕಾಯಿ ಕೊಡಿಸುತ್ತಿದ್ದರು. ಒಂದಕ್ಷರಕ್ಕೆ ಯಾರು ಕಡಲೆಕಾಯಿ ಕೊಡಿಸುತ್ತಾರೆ?

ನಾವೇನು ಕಡಿಮೆಯೇ? ಕಳೆದ ವಾರ ಒಂದು ನಾಮಕರಣಕ್ಕೆ ಹೋಗಿದ್ದೆ. ಹೆಸರು ಎರಡೇ ಅಕ್ಷರ, ಇಂಗ್ಲಿಷಿನಲ್ಲಿ ಬರೆದರೆ ನಾಲ್ಕು ‘ಎ’. ಸಂಖ್ಯಾಶಾಸ್ತ್ರದವರ ಸಲಹೆಯಂತೆ. ಅರ್ಥ ಕೇಳಿದೆ. ಮಗುವಿನ ಅಪ್ಪ ಜೇಬಿನಿಂದ ಫೋನ್ ತೆಗೆದು ಹುಡುಕತೊಡಗಿದ. ಊಟದ ಎಲೆ ಹಾಕುವವರೆಗೂ ಸಿಗಲಿಲ್ಲ.